ಹೇಳಲಾಗದ ಜಾಗದ ಆಪರೇಷನ್ನು

ಕುರ ಏಳುವುದಕ್ಕೆ ಮನುಷ್ಯನ ಮೈಮೇಲೆ ಜಾಗಕ್ಕೇನು ಬರವಿಲ್ಲ. ಕುತ್ತಿಗೆ ಇದೆ, ಬೆನ್ನಿದೆ, ಕಂಕುಳಿದೆ. ನನಗೆ ಎದ್ದದ್ದು ಮಾತ್ರ ಎಡಗಡೆಯ ಕುಂಡಿಯ ಮೇಲೆ. ಆಗ ನಾನು ಹರಪನಹಳ್ಳಿಯಲ್ಲಿ ಡಿಗ್ರಿ ಓದುತ್ತಿದ್ದೆ. ಮೀಸೆ ಬಂದಿತ್ತು, ಕಾಲೇಜಿನ ಹುಡುಗಿಯರು ಎದುರಾದರೆ ಎದೆ ಸೆಟೆಸಿ ನಡೆಯುವ ಠೀವಿಯೂ ಬಂದಿತ್ತು. ಆ ವಾರ ಠೀವಿಯೆಲ್ಲ ಇಳಿದು, ಕಾಲು ಅಗಲಿಸಿಕೊಂಡು ಗೋಡೆ ಹಿಡಿದು ನಡೆಯುವಂತಾಯಿತು. ಮಾವಿನಹಣ್ಣಿನ ಉಷ್ಣ ಎಂದಳು ಅವ್ವ. ಮಾವಿನಹಣ್ಣನ್ನು ಮನೆಯವರೆಲ್ಲ ತಿಂದಿದ್ದೆವು, ಉಷ್ಣ ನನ್ನೊಬ್ಬನನ್ನೇ ಯಾಕೆ ಹುಡುಕಿಕೊಂಡು ಬಂತೆಂದು ಕೇಳಿದ್ದಕ್ಕೆ ಈರುಳ್ಳಿ ಸುಟ್ಟು, ಅರಿಶಿಣ ಕಲಸಿ, ಬಿಸಿಬಿಸಿಯಾಗಿ ಕಟ್ಟು ಎಂದು ತಂದುಕೊಟ್ಟಳು. ಕಟ್ಟಿದೆ. ಆ ಜಾಗಕ್ಕೆ ಬಟ್ಟೆ ಕಟ್ಟುವುದು ಎಷ್ಟು ಕಷ್ಟದ ಕೆಲಸ ಎನ್ನುವುದು ಕಟ್ಟಿ ನೋಡಿದವರಿಗೇ ಗೊತ್ತು. ಒಂದು ದಾರಿ ಹುಡುಕಿ ಬಿಗಿಯಾಗಿ ಸುತ್ತಿಕೊಂಡು ಬೀದಿಗೆ ಬಂದರೆ ಅಪ್ಪನ ಅಂಗಡಿ ದಾಟುವಷ್ಟರಲ್ಲಿ ಅದು ಮೊಣಕಾಲಿಗೆ ಬಂದಿರುತ್ತಿತ್ತು.

ಅದೇ ವಾರ ಊರಿನ ಟಾಕೀಸಿಗೆ ಹೊಸ ಸಿನಿಮಾ ಬಂದಿತ್ತು. ಹಾರುವ ಮನುಷ್ಯನದು. ಯಾವುದೋ ದೇಶದವನು, ಹಸಿರು ಬಣ್ಣದ ಬಟ್ಟೆಯನ್ನು ಚರ್ಮಕ್ಕೇ ಹೊಲಿಸಿಕೊಂಡಂತೆ ತೊಟ್ಟು, ಮುಖಕ್ಕೆ ಬೆಳ್ಳಿಯ ಮುಖವಾಡ ಹಾಕಿಕೊಂಡು, ಬಸ್ಸನ್ನು ಒಂದೇ ಕೈಯಲ್ಲಿ ಎತ್ತಿ ನಿಂತ ಪೋಸ್ಟರನ್ನು ನಮ್ಮ ಅಂಗಡಿಯ ಎದುರಿನ ಗೋಡೆಗೇ ಅಂಟಿಸಿದ್ದರು. ಮಾತುಗಳನ್ನು ತೆಲುಗಿಗೆ ಇಳಿಸಿದ್ದರು. ತೆಲುಗು ನಮಗೆ ಅರ್ಧ ಬರುತ್ತಿತ್ತು. ಇನ್ನರ್ಧ ಹೊತ್ತು ಆತ ಹಾರುತ್ತಲೇ ಇರುತ್ತಾನಾದ್ದರಿಂದ ಭಾಷೆ ಬೇಕಿಲ್ಲ ಎಂದು ನೋಡಿ ಬಂದ ಗೆಳೆಯರು ಹೇಳುತ್ತಿದ್ದರು. ನಾನು ಕೂರಲಾರದ್ದಕ್ಕೆ ಇವತ್ತು ನಾಳೆ ಎಂದು ತಳ್ಳುತ್ತಾ ಬಂದೆ. ಗುರುವಾರ ಬಂದೇ ಬಿಟ್ಟಿತು. ಶುಕ್ರವಾರ ಪೋಸ್ಟರು ಬದಲಾಗುತ್ತದೆ. ಕುರ ಮಾತ್ರ ಬದಲಾಗುವ ಲಕ್ಷಣ ಕಾಣಲಿಲ್ಲ.

ಗುರುವಾರ ಬೆಳಗ್ಗೆ ಮೈ ಕಾವೇರಿತು. ಅಪ್ಪ ಅಂಗಡಿಯ ಬಾಗಿಲು ಹಾಕಿ ನನ್ನನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಪ್ಪನದು ಹಗ್ಗ, ಮಿಣಿ, ಕುಡುಗೋಲು ಮಾರುವ ಅಂಗಡಿ. ಹಬ್ಬಕ್ಕೂ ಅರ್ಧ ಬಾಗಿಲು ತೆಗೆದಿಡುವ ಆಸಾಮಿ ಅವತ್ತು ಪೂರ್ತಿ ಬಾಗಿಲು ಹಾಕಿದ್ದು ನೋಡಿ ನನಗೆ ದಿಗಿಲಾಯಿತು. ಡಾಕ್ಟರು ಒತ್ತಿ ನೋಡಿ, “ಹಣ್ಣಾಗೈತಿ. ಈಗಲೇ ಕೊಯ್ದು ಬಿಡೋಣ” ಎಂದರು.

“ಮಧ್ಯಾಹ್ನ ಸಿನಿಮಾಕ್ಕ ಹೋಗಬೋದೇನ್ರಿ ಸಾರ್?” ಎಂದೆ.

“ಹೋಗಪ್ಪಾ. ಆದ್ರ ಕುಂದ್ರಬ್ಯಾಡ.”

ಕೊಯ್ಯುವ ಮೊದಲು ಅಪ್ಪ ಪಕ್ಕದ ಎಸ್‌ಟಿಡಿ ಬೂತಿಗೆ ಹೋದ. ನಮ್ಮ ಕಡೆ ಇದೊಂದು ಕಟ್ಟಳೆ. ಮೈಗೆ ಕತ್ತಿ ತಾಗಿತೆಂದರೆ ಅದು ಆಪರೇಷನ್, ಆಪರೇಷನ್ ಎಂದರೆ ಬಳಗಕ್ಕೆ ತಿಳಿಸಬೇಕು, ತಿಳಿದವರು ರೋಗಿಯನ್ನು ಮಾತಾಡಿಸಿಕೊಂಡು ಹೋಗಲು ಬರಬೇಕು. ತಿಳಿಸದಿದ್ದರೆ ಇವರ ತಪ್ಪು, ತಿಳಿದೂ ಬರದಿದ್ದರೆ ಅವರ ತಪ್ಪು. ಅಪ್ಪ ಚಿಗಟೇರಿಯಲ್ಲಿದ್ದ ತನ್ನ ತಂಗಿಗೆ, ಅಂದರೆ ನನ್ನ ಅತ್ತೆಗೆ, ಫೋನು ಹಚ್ಚಿದ. ನಾನು ಬೂತಿನ ಬಾಗಿಲ ಹತ್ತಿರ ಕಂಬ ಹಿಡಿದು ನಿಂತಿದ್ದೆ. ಅಪ್ಪನ ಹಿಂದೆ ಜನ ಸಾಲಾಗಿ ನಿಂತಿದ್ದರು, ಅವರಲ್ಲಿ ನಮ್ಮ ಕಾಲೇಜಿನ ಮೇಡಮ್ಮೂ ಒಬ್ಬರು. “ಹುಡುಗಗ ಆಪರೇಷನ್ ಐತಿ” ಎಂದ ಅಪ್ಪ. ಆ ಕಡೆಯಿಂದ ಅತ್ತೆ ಎಲ್ಲಿ, ಏನು ಎಂದು ಕೇಳಿರಬೇಕು. ಅಪ್ಪ ಹಿಂದೆ ತಿರುಗಿ ಸಾಲನ್ನು ನೋಡಿದ, ಮೇಡಮ್ಮನ್ನು ನೋಡಿದ. ಅವನ ಬಾಯಿಗೆ ಆ ಶಬ್ದ ಬರಲಿಲ್ಲ.

“ಬಂದಾಗ ಹೇಳ್ತೀನಿ” ಎಂದು ಇಟ್ಟುಬಿಟ್ಟ.

ನಮ್ಮ ಜನ ಫೋನಿನಲ್ಲಿ ‘ಬಂದಾಗ ಹೇಳ್ತೀನಿ’ ಎನ್ನುವುದು ಯಾವಾಗ ಎಂದು ಎಲ್ಲರಿಗೂ ಗೊತ್ತು. ಉಸಿರು ನಿಂತಾಗ, ಇಲ್ಲವೇ ಇವತ್ತೋ ನಾಳೆಯೋ ಎಂಬಂತಿದ್ದಾಗ. ಅಪ್ಪನ ಮರ್ಯಾದೆಯ ಆ ಎರಡು ಶಬ್ದ ಚಿಗಟೇರಿಯಿಂದ ಉಚ್ಚಂಗಿದುರ್ಗಕ್ಕೆ, ಅಲ್ಲಿಂದ ತೆಲಿಗಿಗೆ ಹೋಗುವಷ್ಟರಲ್ಲಿ ನನ್ನ ಕುರ ಕಿಡ್ನಿಗೆ ಏರಿ, ಎದೆಗೆ ಬಂದು, ತಲೆಯೊಳಗಿನ ಗಡ್ಡೆಯಾಗಿತ್ತು.

ಒಳಗೆ ನನ್ನನ್ನು ಬೋರಲು ಮಲಗಿಸಿದರು. ಕಾಂಪೌಂಡರು ನನ್ನ ಕಾಲು ಒತ್ತಿ ಹಿಡಿದುಕೊಂಡ. ನೋವು ಮರೆಯಲಿ ಎಂದು ಮಾತಿಗೆಳೆದು, ನನಗೆ ಆ ಸಿನಿಮಾದ ಹುಚ್ಚು ಎಂದು ತಿಳಿದದ್ದೇ ತಾನು ಅದನ್ನು ನೋಡಿಬಂದದ್ದನ್ನು ಶುರುಮಾಡಿದ. ಸೂಜಿ ಚುಚ್ಚುವಾಗ ಹಾರುವ ಮನುಷ್ಯನಿಗೆ ಶಕ್ತಿ ಬಂತು. ಬೇಡ, ಕತೆ ಹೇಳಬೇಡ್ರಿ ಎಂದೆ. ಆತನಿಗೂ ಹುರುಪು. ಡಾಕ್ಟರು ಕತ್ತಿ ಹಿಡಿದಾಗ ರೈಲು ಸೇತುವೆಯ ಮೇಲೆ ಬಂತು. “ಕಡೀಗೇನಾಗ್ತೈತಿ ಅಂದ್ರ...” ಎಂದು ಆತ ಹೇಳುವಾಗ ನಾನು ಕಿರುಚಿದೆ. ಕತ್ತಿಗೆ ಕಿರುಚಿದೆನೆಂದು ಡಾಕ್ಟರು ಇನ್ನೊಂದು ಸೂಜಿ ಚುಚ್ಚಿದರು. ನಾನು ಕಿರುಚಿದ್ದು ಕತೆಯ ಕೊನೆಯನ್ನು ಉಳಿಸಿಕೊಳ್ಳಲು.

ಅಷ್ಟೇ, ಮುಗಿಯಿತು. ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಅಪ್ಪ ಕೈ ಹೊಸೆಯುತ್ತಾ ನಿಂತ.

“ಸಂಜಿಮಟ ಒಂದು ಕಾಟು ಕೊಡ್ರಿ ಸಾರ್. ನೋಡಾಕ ಬರೋರು ಅದಾರ.”

“ಏನು ನೋಡ್ತಾರ್ರೀ ಅವರು?” ಎಂದು ಡಾಕ್ಟರು ನಕ್ಕರು. ಆದರೆ ಅವರೂ ಈ ಸೀಮೆಯವರೇ. ಮಂಚದ ಮೇಲೆ ಸಿಗದ ರೋಗಿಯನ್ನು ನಮ್ಮ ಜನ ರೋಗಿ ಎಂದು ಒಪ್ಪುವುದಿಲ್ಲ ಎಂಬುದು ಗೊತ್ತಿತ್ತು. ಕಿಟಕಿ ಪಕ್ಕದ ಮಂಚ ಕೊಟ್ಟರು.

ಅಪ್ಪ ಯಾರಿಗಾಗಿ ಆ ಮಂಚ ಕೇಳಿದನೆಂದು ನನಗೆ ಗೊತ್ತಾಯಿತು. ತೆಲಿಗಿಯಲ್ಲಿ ದೊಡ್ಡಪ್ಪ ಇದ್ದ, ಅಪ್ಪನ ಒಬ್ಬನೇ ಅಣ್ಣ. ನಮ್ಮಕ್ಕನ ಮದುವೆಯಿಂದ ಇಬ್ಬರಿಗೂ ಮಾತಿರಲಿಲ್ಲ. ಅಕ್ಕನ ಮಗ ಆಗಲೇ ಬೀದಿಯಲ್ಲಿ ಗೋಲಿ ಆಡುತ್ತಿದ್ದ, ಅಷ್ಟು ಕಾಲವಾಗಿತ್ತು. ನಡೆದದ್ದಿಷ್ಟು. ಮದುವೆಯ ಊಟಕ್ಕೆ ಹಿರಿಯರನ್ನು ಬಾಯಿಬಿಟ್ಟು ಕರೆದು, ಕೈ ಹಿಡಿದು ಪಂಕ್ತಿಗೆ ಕೂರಿಸಬೇಕು. ಅವತ್ತು ಗದ್ದಲದಲ್ಲಿ ಅಪ್ಪ ಬೀಗರನ್ನು ಕರೆದ, ಊರಿನವರನ್ನು ಕರೆದ, ಬ್ಯಾಂಡಿನವರನ್ನೂ ಕರೆದ, ಅಣ್ಣನನ್ನು ಕರೆಯಲಿಲ್ಲ. ದೊಡ್ಡಪ್ಪ ಚಪ್ಪರದ ಕುರ್ಚಿಯಲ್ಲಿ ಕೂತೇ ಇದ್ದ. ಪಂಕ್ತಿಯ ಮೇಲೆ ಪಂಕ್ತಿ ಎದ್ದವು. ಕೊನೆಗೆ ಹಂಡೆ ತೊಳೆಯುವ ಸದ್ದು ಕೇಳಿದಾಗ ರುಮಾಲು ಸರಿಮಾಡಿಕೊಂಡು, ಹಸಿದ ಹೊಟ್ಟೆಯಲ್ಲಿ ಬಸ್ಸು ಹತ್ತಿದ. “ಮನಿ ಮದುವ್ಯಾಗ ಅಣ್ಣನ್ನ ಕರೀಬೇಕಂದ್ರ ಹೆಂಗ? ಆತ ಹೊರಗಿನವನೇನು?” ಎನ್ನುತ್ತಿದ್ದ ಅಪ್ಪ. “ಬಾರಿಸೋರನ್ನ ಕರೆದ, ನನ್ನ ಕರೀಲಿಲ್ಲ” ಎನ್ನುತ್ತಿದ್ದ ದೊಡ್ಡಪ್ಪ. ಇಬ್ಬರ ಮಾತೂ ಸರಿಯೇ, ಅದಕ್ಕೇ ಬಗೆಹರಿಯಲಿಲ್ಲ. ತಪ್ಪು ಯಾರದೋ ಒಬ್ಬರದಾಗಿದ್ದರೆ ಹಿಂದೆಯೇ ಮುಗಿದಿರುತ್ತಿತ್ತು.

ಮುನಿಸಿಕೊಂಡವರು ಮಾನಕ್ಕೆ ಕುಂದಿಲ್ಲದೆ ಬರಬಹುದಾದ ಬಾಗಿಲು ನಮ್ಮಲ್ಲಿ ಎರಡೇ. ಒಂದು ಸಾವು, ಇನ್ನೊಂದು ಕಾಯಿಲೆ. ಅಪ್ಪ ಕಾಯಿಲೆಯ ಬಾಗಿಲು ತೆಗೆದಿಟ್ಟು ಕಾಯುತ್ತಿದ್ದ. ಅವ್ವನಿಗೆ ಬೆಳಗ್ಗೆಯೇ ಹೇಳಿಕಳಿಸಿದ್ದನಂತೆ, ಜೋಳದ ರೊಟ್ಟಿ ಬಡಿ, ಬದನೆಕಾಯಿ ಎಣ್ಣೆಗಾಯಿ ಮಾಡು, ಶೇಂಗಾ ಚಟ್ನಿಯೂ ಇರಲಿ ಎಂದು. ನನಗೆ ಡಾಕ್ಟರು ಹೇಳಿದ್ದು ಗಂಜಿ. ಎಣ್ಣೆಗಾಯಿ ಯಾರಿಗೆಂದು ಅವ್ವ ಕೇಳಲಿಲ್ಲ. ಅದು ದೊಡ್ಡಪ್ಪನ ಪ್ರಾಣ ಎಂದು ಅವಳಿಗೂ ಗೊತ್ತಿತ್ತು.

ಮೊದಲು ಅತ್ತೆ ಬಂದಳು. ಬಾಗಿಲಿನಿಂದಲೇ ಅಳುತ್ತಾ ಬಂದವಳು ನಾನು ಬೋರಲು ಮಲಗಿದ್ದು ಕಂಡು, “ಬೆನ್ನುಹುರಿಗೇ ಬಂತೇನಪ್ಪ” ಎಂದು ಇನ್ನಷ್ಟು ಅತ್ತಳು. ಉಚ್ಚಂಗಿದುರ್ಗದಿಂದ ಬಂದ ಬಂಧುಗಳು ದೇವಿಯ ಕುಂಕುಮ ತಂದು, ಮುಖ ತಲೆದಿಂಬಿನಲ್ಲಿ ಹುದುಗಿದ್ದರಿಂದ ಹಣೆ ಸಿಗದೆ ಹಿಂತಲೆಗೆ ಹಚ್ಚಿದರು. ಬಂದವರೆಲ್ಲ ಎಲ್ಲಿ ಆಪರೇಷನ್ ಎಂದು ಕೇಳುವರು. ಅಪ್ಪ, “ಒಂದು ಗಂಟಿತ್ತು, ತೆಗೆದ್ರು” ಎನ್ನುವನು. ಅವರು ದುಪ್ಪಟಿ ಹೊದ್ದ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಗಂಟು ಎಲ್ಲಿದ್ದಿರಬಹುದೆಂದು ಲೆಕ್ಕ ಹಾಕಿ, ಕೊನೆಗೆ ಬ್ರೆಡ್ಡು, ಬಿಸ್ಕತ್ತು, ಮೋಸಂಬಿಯನ್ನು ನನ್ನ ಬೆನ್ನ ಮೇಲೆಯೇ ಇಟ್ಟು, ಧೈರ್ಯ ತಂದುಕೋ ಎನ್ನುವರು. ಹನ್ನೆರಡರ ಹೊತ್ತಿಗೆ ನನ್ನ ಬೆನ್ನು ಸಂತೆಯ ಹಣ್ಣಿನಂಗಡಿಯಾಗಿತ್ತು. ನನಗೆ ನಗು, ಸಿಟ್ಟು ಎರಡೂ ಬರುತ್ತಿದ್ದವು. ಅಪ್ಪನ ಮುಖ ನೋಡಿದರೆ ಎರಡೂ ಹೋಗುತ್ತಿದ್ದವು.

ಅಪ್ಪ ಪ್ರತಿ ಬಸ್ಸಿಗೂ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ತೆಲಿಗಿಯ ಬಸ್ಸಿನ ಹಾರ್ನಿನ ಸದ್ದು ಅವನಿಗೆ ಗೊತ್ತಿತ್ತು. ಒಂದು ಬಂತು, ಹೋಯಿತು. ಇನ್ನೊಂದು ಬಂತು. ಬಾಗಿಲಿಗೆ ಕೈಕೊಟ್ಟು ಅಲ್ಲೇ ನಿಂತುಬಿಟ್ಟ, ಒಳಗೆ ಬರಲೇ ಇಲ್ಲ. ಬಂದ ಬಳಗವೆಲ್ಲ ಮಾತಾಡಿಸಿ ಹೊರಟು ಹೋಯಿತು. ಮ್ಯಾಟ್ನಿಗೆ ಹೊತ್ತಾಗುತ್ತಿತ್ತು. ಕೊನೆಗೆ ಅಪ್ಪ ನನ್ನ ಮಂಚದ ಹತ್ತಿರ ಬಂದ.

“ಬರಲ್ಲ ಆತ” ಎಂದ.

“ಹಂಗಾದ್ರ ನಾನು ಸಿನಿಮಾಕ್ಕ ಹೋಗಲೇನಪ್ಪ?”

ಬೈಯುತ್ತಾನೆಂದುಕೊಂಡೆ. ಅಪ್ಪ ಕಿಟಕಿಯಾಚೆ ನೋಡುತ್ತಾ, “ನಾನೂ ಬರ್ತೀನಿ ನಡಿ” ಎಂದ. ಸಿನಿಮಾ ಎಂದರೆ ಹೊತ್ತು ಕಳೆಯಲು ಬೇರೆ ದಾರಿ ಕಾಣದವರ ಕಸುಬು ಎನ್ನುತ್ತಿದ್ದವನು. ಮನೆಗೆ ಹೋದರೆ ರೊಟ್ಟಿ ಬುಟ್ಟಿ ಎದುರು ಕೂರಬೇಕು, ಎಣ್ಣೆಗಾಯಿಯ ಮುಖ ನೋಡಬೇಕು. ಅದಕ್ಕಿಂತ ಹಾರುವ ಮನುಷ್ಯನೇ ವಾಸಿ ಎನ್ನಿಸಿರಬೇಕು. ನನಗೆ ಅವನ ಮೇಲೆ ಬಹಳ ಮರುಕ ಬಂತು. ಆಪರೇಷನ್ ಆದವನು ಮುಂಬಾಗಿಲಿನಿಂದ ಟಾಕೀಸಿಗೆ ಹೊರಟದ್ದನ್ನು ಯಾರಾದರೂ ನೋಡಿದರೆ ಮರ್ಯಾದೆ ಹೋಗುತ್ತದೆಂದು ಹಿತ್ತಲ ಬಾಗಿಲಿನಿಂದ ಹೊರಟೆವು.

ನಮ್ಮ ಊರಿನ ಟಾಕೀಸಿನ ಹಿಂಬಾಗಿಲು ಎತ್ತರದಲ್ಲಿತ್ತು. ಅಲ್ಲಿಂದ ಮೆಟ್ಟಿಲಿಳಿದು ಒಳಗೆ ಬರಬೇಕು. ಸಿನಿಮಾದ ಬೆಳಕು ಬರುವ ಕಿಂಡಿಯೂ ಅದೇ ಎತ್ತರಕ್ಕೆ. ಆಟ ಶುರುವಾದ ಮೇಲೆ ಬರುವವರು ತಲೆ ಬಗ್ಗಿಸಿಕೊಂಡು ಇಳಿಯಬೇಕು, ಇಲ್ಲದಿದ್ದರೆ ತಲೆಯ ನೆರಳು ಪರದೆಯ ಮೇಲೆ ಬೀಳುತ್ತದೆ. ಊರಿನ ಸಣ್ಣ ಮಕ್ಕಳಿಗೂ ಗೊತ್ತಿದ್ದ ಸಂಗತಿ. ನಾನು ಕೂರುವಂತಿರಲಿಲ್ಲವಾದ್ದರಿಂದ ಪಕ್ಕದ ಗೋಡೆಗೆ ಒರಗಿ, ಒರಗಲೂ ಆಗದೆ ಬಲಭುಜವನ್ನಷ್ಟೇ ತಾಗಿಸಿ ನಿಂತೆ. ಖಾಲಿ ಕುರ್ಚಿಗಳಿದ್ದರೂ ಅಪ್ಪ ನನ್ನ ಪಕ್ಕದಲ್ಲೇ ನಿಂತ. ಕೂತ್ಕೋ ಎಂದರೆ, “ಇರಲಿ” ಎಂದ.

ಸಿನಿಮಾ ಚೆನ್ನಾಗಿತ್ತು. ಆತ ಹಾರಿದ, ಬಸ್ಸು ಎತ್ತಿದ, ಕಟ್ಟಡದಿಂದ ಬಿದ್ದ ಮುದುಕಿಯನ್ನು ಅರ್ಧದಲ್ಲೇ ಹಿಡಿದ. ಅಪ್ಪ ಪರದೆಯನ್ನು ನೋಡುತ್ತಿದ್ದನೋ ಇಲ್ಲವೋ ಗೊತ್ತಾಗಲಿಲ್ಲ. ಇಂಟರ್‌ವೆಲ್ ಆಗಿ ಮತ್ತೆ ಶುರುವಾಗಿ ಬಹಳ ಹೊತ್ತಾದ ಮೇಲೆ ಕಾಂಪೌಂಡರು ಹೇಳಿದ್ದ ಸೇತುವೆ ಬಂತು, ರೈಲೂ ಬಂತು. ಹಾರುವ ಮನುಷ್ಯ ಎದೆಯೊಡ್ಡಿ ನಿಂತ. ಆ ಎದೆಯ ಮೇಲೆ, ನೋಡುತ್ತಿದ್ದಂತೆ, ದೊಡ್ಡದೊಂದು ರುಮಾಲಿನ ನೆರಳು ಬಿತ್ತು. ರುಮಾಲಿನ ಪಕ್ಕದಲ್ಲಿ, ಹೆಗಲಿಗೆ ಇಳಿಬಿದ್ದ ಎಳನೀರಿನ ಗೊಂಚಲು.

“ಏ, ತಲಿ ಬಗ್ಗಸೋ” ಎಂದು ಮುಂದಿನ ಸಾಲಿನವರು ಕೂಗಿದರು. ನೆರಳು ಬಗ್ಗಲಿಲ್ಲ. “ಬಗ್ಗಸ್ರೀ ಯಜಮಾನ್ರ” ಎಂದು ಇನ್ನಷ್ಟು ಜನ ಕೂಗಿದರು. ನೆರಳು ಇನ್ನೂ ನೆಟ್ಟಗಾಗಿ, ಎಡಕ್ಕೆ ಬಲಕ್ಕೆ ತಿರುಗಿ ಯಾರನ್ನೋ ಹುಡುಕಿತು. ರೈಲು ಎಲ್ಲಿಗೆ ಹೋಯಿತೋ, ಸೇತುವೆ ಏನಾಯಿತೋ, ಪರದೆಯ ಮೇಲೆ ರುಮಾಲು ಬಿಟ್ಟು ಬೇರೇನೂ ಇರಲಿಲ್ಲ. ಆ ರುಮಾಲಿನ ಎಡತುದಿ ಹುಂಜದ ಜುಟ್ಟಿನಂತೆ ಮೇಲೆದ್ದು ನಿಂತಿತ್ತು.

ಹಾಗೆ ರುಮಾಲು ಸುತ್ತುವವನು ನಮ್ಮ ಬಳಗದಲ್ಲೆಲ್ಲ ಒಬ್ಬನೇ. ನನಗೆ ಅದು ಹೊಳೆಯುವ ಮೊದಲೇ ಅಪ್ಪ ಕೂಗಿಬಿಟ್ಟಿದ್ದ.

“ಅಣ್ಣಾ.”

ರೈಲಿನ ಸದ್ದನ್ನೂ, ಜನರ ಕೂಗನ್ನೂ ಮೀರಿದ ಕೂಗು. ಟಾಕೀಸು ಗಪ್ಪಾಯಿತು.

“ಅಣ್ಣಾ, ಬಾ. ಇಲ್ಲದೀವಿ ಬಾ.”

ನೆರಳು ಪರದೆಯಿಂದ ಇಳಿಯಿತು. ದೊಡ್ಡಪ್ಪ ಕತ್ತಲಲ್ಲಿ ಕುರ್ಚಿ ಹಿಡಿದು ಹಿಡಿದು ಬಂದು, ಅಪ್ಪನನ್ನು ದಾಟಿ, ನೇರ ನನ್ನ ಮುಖ ಸವರಿದ. ಎಲ್ಲವನ್ನೂ ನನಗೇ ಹೇಳಿದ. ಹನ್ನೆರಡರ ಬಸ್ಸಿಗೇ ಬಂದಿದ್ದನಂತೆ. ಎದುರಿನ ಚಾದಂಗಡಿಯವರು ಮರೆಗೆ ಇಳಿಬಿಟ್ಟ ತಾಡಪತ್ರಿಯ ಹಿಂದೆ ನಿಂತಿದ್ದನಂತೆ.

“ನಿಮ್ಮಪ್ಪ ಬಾಗಿಲಾಗೇ ನಿಂತಿದ್ನಲ್ಲ, ಆತನ್ನ ದಾಟಿ ಹೆಂಗ ಒಳಗ ಬರ್ಲಿ? ಆತ ಸರೀಲಿ ಅಂತ ಕಾದೆ.”

ಅಪ್ಪ ಬಾಗಿಲಲ್ಲಿ ನಿಂತದ್ದು ಆತ ಬರಲೆಂದು. ಆತ ಬರದೇ ಇದ್ದದ್ದು ಅಪ್ಪ ಬಾಗಿಲಲ್ಲಿದ್ದಾನೆಂದು. ಇಂಥ ಇಬ್ಬರ ನಡುವೆ ಯಾವ ಹಾರುವ ಮನುಷ್ಯ ಬಂದು ಏನು ಮಾಡಿಯಾನು.

ಬಾಗಿಲು ಖಾಲಿಯಾದದ್ದು ಕಂಡು ಒಳಗೆ ಹೋದರೆ ಮಂಚ ಖಾಲಿ, ಹಾಸಿಗೆ ಸುತ್ತಿಟ್ಟಿದ್ದರು. “ಹಂಗೇ ಮಂಚದ ಮ್ಯಾಲ ಕುಂತುಬಿಟ್ಟೆ” ಎಂದ. ಊಟ ಮುಗಿಸಿ ಬಹಳ ಹೊತ್ತಿನ ಮೇಲೆ ಬಂದ ಕಾಂಪೌಂಡರು, ನಿಮ್ಮ ಹುಡುಗ ಸಿನಿಮಾಕ್ಕೆ ಹೋಗ್ಯಾನ ಎಂದಾಗ ಸತ್ತವರ ಮನೆಯಲ್ಲೂ ತಮಾಷೆ ಮಾಡುವ ಜನ ಎಂದು ಅವನಿಗೆ ಹೊಡೆಯಲು ಹೋಗಿದ್ದನಂತೆ. ಆತ ಆಣೆ ಮಾಡಿದ ಮೇಲೆ, ರೋಗಿಗೆಂದು ತಂದ ಎಳನೀರು ತಿರುಗಿ ಮನೆಗೆ ಒಯ್ಯಬಾರದೆಂದು ಟಾಕೀಸಿಗೆ ಬಂದಿದ್ದ. ಗೇಟಿನವನಿಗೆ, ಆಪರೇಷನ್ ಆದ ಹುಡುಗ ಒಳಗದಾನ ಎಂದಿದ್ದಕ್ಕೆ ಅವನು ಟಿಕೆಟ್ಟೂ ಕೇಳದೆ ಬಿಟ್ಟಿದ್ದ.

“ಎಲ್ಲಿ ಕೊಯ್ದಾರಪ್ಪ? ತಲ್ಯಾಗ ಅಂದ್ರು. ಪಟ್ಟಿ ಇಲ್ಲಲ್ಲ?”

ನಾನು ಅಪ್ಪನನ್ನು ನೋಡಿದೆ. ಅಪ್ಪ ನೆಲ ನೋಡಿದ. ದೊಡ್ಡಪ್ಪನ ಕಿವಿಗೆ ಬಗ್ಗಿ ಹೇಳಿದೆ.

ಪರದೆಯ ಬೆಳಕು ಅವನ ಮುಖದ ಮೇಲೆ ಹಸಿರಾಗಿ, ಕೆಂಪಾಗಿ ಹೋಗುತ್ತಿತ್ತು. ಒಂದು ಕುರಕ್ಕಾಗಿ ಇಷ್ಟು ವರ್ಷದ ಮುನಿಸು ನುಂಗಿ, ಬಸ್ಸು ಹತ್ತಿ, ತಾಡಪತ್ರಿ ಹಿಂದೆ ಬಿಸಿಲಲ್ಲಿ ನಿಂತು, ಖಾಲಿ ಮಂಚ ಕಂಡು ಎದೆ ಒಡೆದುಕೊಂಡಿದ್ದ. ಈಗ ಗೊಂಚಲು ನನ್ನ ಕಾಲ ಹತ್ತಿರ ಇಟ್ಟು ಹೊರಟುಬಿಟ್ಟರೆ ಯಾರೂ ಅವನನ್ನು ತಪ್ಪೆನ್ನುವಂತಿರಲಿಲ್ಲ. ಅಪ್ಪ ನನ್ನ ಭುಜಕ್ಕೆ ಇನ್ನಷ್ಟು ಒತ್ತಿ ನಿಂತ. ನನಗೂ ಹೆದರಿಕೆಯಾಯಿತು.

ದೊಡ್ಡಪ್ಪ ಅಪ್ಪನ ಕಡೆ ತಿರುಗಿದ.

“ನಿನಗೂ ಆಗಿತ್ತಲ್ಲೋ.”

ಅಪ್ಪ ತಲೆ ಎತ್ತಿದ.

“ಅದೇ ಜಾಗದಾಗ. ಸಣ್ಣಾಂವ ಇದ್ದಿ. ಗಾಡ್ಯಾಗ ಕುಂದ್ರಾಕ ಆಗವಲ್ದು ಅಂತ ಅಳತಿದ್ದಿ. ತೆಲಿಗಿಯಿಂದ ಇಲ್ಲೀಮಟ ಹೆಗಲ ಮ್ಯಾಲ ಹೊತ್ಕಂಡು ಬಂದಿದ್ನಿ, ಬೋರಲು ಹಾಕ್ಕಂಡು, ಚೀಲ ಹೊತ್ತಂಗ. ದಾರಿ ತುಂಬಾ ಬೆನ್ನ ಮ್ಯಾಲ ಸಿಂಬಳ ಸುರಿಸಿದಿ.”

“ನೆನಪೈತಿ” ಎಂದ ಅಪ್ಪ. ನಾನು ಪರದೆಯ ಕಡೆ ಮುಖ ಮಾಡಿದೆ, ಆದರೆ ಏನೂ ಕಾಣಲಿಲ್ಲ.

ಆಮೇಲೆ ಇಬ್ಬರೂ ಕುರ್ಚಿ ಹಿಡಿದು ಕೂತರು, ನಾನು ಪಕ್ಕದಲ್ಲಿ ನಿಂತೇ ಇದ್ದೆ. ದೊಡ್ಡಪ್ಪ ಹಾರುವ ಮನುಷ್ಯನನ್ನು ಕಣ್ಣು ಕಿರಿದು ಮಾಡಿ ನೋಡಿದ. “ಇಂಥ ಬಿಗಿ ಬಟ್ಟಿ ಹಾಕ್ಕಂಡ್ರ ಈತಗೂ ಕುರ ಆಗ್ತೈತಿ ನೋಡು” ಎಂದ. ಅಪ್ಪ ನಕ್ಕ. ಇಬ್ಬರೂ ಸೇರಿ ನಕ್ಕರು. ಮುಂದಿನ ಸಾಲಿನವರು ತಿರುಗಿ ಬೈದರು. ಅಷ್ಟರಲ್ಲಿ ಪರದೆಯ ಮೇಲೆ ಏನೋ ಮುಗಿದು, ಜನ ಎದ್ದು ಚಪ್ಪಲಿ ಹುಡುಕತೊಡಗಿದ್ದರು. ಸೇತುವೆ ಉಳಿಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಾಂಪೌಂಡರನ್ನು ಕೇಳಬಹುದಿತ್ತು, ಅವನು ಅವತ್ತಿನಿಂದ ನಮ್ಮ ಬಳಗದವರನ್ನು ಕಂಡರೆ ದಾರಿ ಬದಲಿಸುತ್ತಿದ್ದ.

ಮನೆಗೆ ಬಂದೆವು. ಅವ್ವ ಬಾಗಿಲಲ್ಲಿ ರುಮಾಲು ಕಂಡವಳು ಒಳಗೆ ಹೋಗಿ ತಾಟು ಇಟ್ಟಳು. ಎಣ್ಣೆಗಾಯಿಯ ವಾಸನೆ ಪಡಸಾಲೆಯವರೆಗೆ ಬಂದಿತ್ತು. ದೊಡ್ಡಪ್ಪ ಪಡಸಾಲೆಯ ಕಂಬಳಿಯ ಮೇಲೆ ಕೂತು, ಏನೂ ವಾಸನೆ ಬಾರದವನಂತೆ ಬೀದಿ ನೋಡುತ್ತಿದ್ದ. ನಾನು ಕಿಟಕಿಯ ಕಟ್ಟೆಯ ಮೇಲೆ ಗಂಜಿ ಇಟ್ಟುಕೊಂಡು ನಿಂತು ಕುಡಿಯುತ್ತಿದ್ದೆ. ಅಪ್ಪ ಒಳಗಿನಿಂದ ಬಂದು ಅವನ ಎದುರು ನಿಂತ.

“ಅಣ್ಣಾ, ಊಟಕ್ಕ ಏಳು.”

ದೊಡ್ಡಪ್ಪನಿಗೆ ಕೇಳಲಿಲ್ಲ. ಕೇಳಿತ್ತು, ಆದರೂ ಕೇಳಲಿಲ್ಲ. ಬೀದಿಯನ್ನೇ ನೋಡುತ್ತಿದ್ದ. ಅಪ್ಪ ಟಾಕೀಸಿನಲ್ಲಿ ಕರೆದಷ್ಟೇ ಜೋರಾಗಿ, ಎದುರುಮನೆಯವರು ಕಟ್ಟೆಗೆ ಬಂದು ನೋಡುವಷ್ಟು ಜೋರಾಗಿ ಇನ್ನೊಮ್ಮೆ ಕರೆದು, ಕೈ ಚಾಚಿದ. ದೊಡ್ಡಪ್ಪ ಆ ಕೈ ಹಿಡಿದು ಎದ್ದ. ರುಮಾಲು ತೆಗೆದು ಗೂಟಕ್ಕೆ ಹಾಕಿ, ಕೈ ತೊಳೆಯಲು ಬಚ್ಚಲಿಗೆ ಹೋದ.